ಹೆಸರಾಂತ ಹೆಣ್ಣಿನ ಸುದ್ದಿಗೆ ತಲೆಬರಹ ಕೊಡುವ ಮುನ್ನ

ಪತ್ರಿಕೆಯ ಪುಟ ಅಚ್ಚಿಗೆ ಕಳಿಸಲು ಹತ್ತು ನಿಮಿಷ ಉಳಿದಿತ್ತು. ನಟಿಯೊಬ್ಬರ ವಿಚ್ಛೇದನದ ಸುದ್ದಿ ಕಡೇ ಗಳಿಗೆಯಲ್ಲಿ ಬಂತು. ನಾಲ್ಕೇ ಸಾಲು, ಇಬ್ಬರೂ ಒಪ್ಪಿ ಬೇರೆಯಾಗಿದ್ದಾರೆ ಎಂದಷ್ಟೇ. ಜೊತೆಗೊಂದು ಫೋಟೋ ಬೇಕಿತ್ತು. ಹಳೆಯ ಸಂಗ್ರಹದಲ್ಲಿ ತಡಕಾಡಿದಾಗ ಆಕೆ ಕತ್ತು ಹಿಂದಕ್ಕೆ ಚೆಲ್ಲಿ ಮನಸಾರೆ ನಗುತ್ತಿದ್ದ ಚಿತ್ರ ಸಿಕ್ಕಿತು. ಅದನ್ನೇ ಕೂರಿಸಿ, ಮೇಲೆ ‘ಗಂಡನಿಂದ ದೂರವಾದರೂ ಮಾಸದ ನಗು’ ಎಂದು ಬರೆದೆ. ಪಾಳಿಯ ಮುಖ್ಯಸ್ಥರು ನೋಡಿ ‘ಚೆನ್ನಾಗಿ ಕೂತಿದೆ’ ಎಂದರು.

ಮರುದಿನ ಮಧ್ಯಾಹ್ನ, ಸುದ್ದಿ ತಿದ್ದಿ ತಲೆಬರಹ ಕೊಡುವ ನಮ್ಮ ಡೆಸ್ಕಿಗೆ ಫೋನ್ ಬಂತು. ಆ ನಟಿಯ ತಾಯಿ. ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ‘ಅಮ್ಮಾ, ಆ ಫೋಟೋ ಎರಡು ವರ್ಷದ ಹಿಂದಿನದು. ಅವತ್ತು ಅವಳಿಗೆ ಪ್ರಶಸ್ತಿ ಬಂದಿತ್ತು. ಈಗ ಎರಡು ತಿಂಗಳಿಂದ ಅವಳು ನೆಟ್ಟಗೆ ನಿದ್ದೆ ಮಾಡಿಲ್ಲ. ನಿಮ್ಮ ಪೇಪರ್ ನೋಡಿದವರೆಲ್ಲ ನಿನ್ನ ಮಗಳಿಗೆ ಚಿಂತೆಯೇ ಇಲ್ವಲ್ಲ ಅಂತಿದಾರೆ’ ಎಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಸುದ್ದಿಯ ನಾಲ್ಕು ಸಾಲಿನಲ್ಲಿ ಒಂದೂ ಸುಳ್ಳಿರಲಿಲ್ಲ. ಅನ್ಯಾಯ ಇದ್ದದ್ದು ನಾನು ಆರಿಸಿದ ಫೋಟೋದಲ್ಲಿ, ‘ದೂರವಾದರೂ’ ಎಂಬಲ್ಲಿನ ಆ ಒಂದು ‘ಊ’ಕಾರದಲ್ಲಿ.

ಇದಾಗಿ 11 ವರ್ಷ. ಈಗ ಡೆಸ್ಕಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಪತ್ರಕರ್ತರಲ್ಲದಿದ್ದರೂ ಇದು ನಿಮಗೆ ಬೇಕಾದದ್ದೇ. ಸುದ್ದಿಯನ್ನು ಫಾರ್ವರ್ಡ್ ಮಾಡುವಾಗ ಮೇಲೆ ನೀವು ಸೇರಿಸುವ ಒಂದು ಸಾಲು ಕೂಡ ತಲೆಬರಹವೇ.

ಬೈಗುಳ ಬಿಡಿ, ಪ್ರತ್ಯಯ ಹುಡುಕಿ

ಹೊಸಬರು ಮೊದಲು ಕೆಟ್ಟ ಪದಗಳನ್ನು ಹುಡುಕುತ್ತಾರೆ. ಕೆಟ್ಟ ಪದ ಯಾರ ಕಣ್ಣಿಗಾದರೂ ಬೀಳುತ್ತದೆ, ಯಾರಾದರೂ ಹೊಡೆದುಹಾಕುತ್ತಾರೆ. ನಮ್ಮ ಕೈಗೆ ಸಿಗದೆ ತಪ್ಪಿಸಿಕೊಳ್ಳುವುದು ‘ಆದರೂ’, ‘ಆದ ಮೇಲೂ’, ‘ಇದ್ದರೂ’. ‘ತಾಯಿಯಾದ ಮೇಲೂ ಪದಕ’, ‘ವಯಸ್ಸು 45 ಆದರೂ ನಾಯಕಿ’, ‘ಮದುವೆಯಾಗದಿದ್ದರೂ ಸುಖಿ’. ಹೊಗಳಿಕೆಯಂತೆ ಕೇಳುವ ಇವುಗಳ ಒಳಗೆ, ತಾಯಿಯಾದವಳ ಓಟ ಮುಗಿಯಿತು, 45ಕ್ಕೆ ಹೆಣ್ಣು ಮುಗಿದಳು ಎಂಬ ತೀರ್ಪು ಕೂತಿರುತ್ತದೆ. ಊಕಾರವನ್ನು ಅಳಿಸಿ ಓದಿ. ಅಳಿಸಿದ ಮೇಲೆ ಹೇಳಲು ಏನೂ ಉಳಿಯದಿದ್ದರೆ ಅಲ್ಲಿ ಸುದ್ದಿಯೇ ಇರಲಿಲ್ಲ. ಏನಾದರೂ ಉಳಿದರೆ, ಎಷ್ಟನೇ ಪದಕ, ಎಷ್ಟು ಸೆಕೆಂಡಿನಲ್ಲಿ, ಯಾರನ್ನು ಸೋಲಿಸಿ, ಅದನ್ನು ಬರೆಯಿರಿ.

ಆಮೇಲೆ ಕ್ರಿಯಾಪದ. ನಟ ‘ಹೇಳಿದರು’, ನಟಿ ‘ಬಾಯಿಬಿಟ್ಟರು’. ಸಚಿವರು ‘ಖಂಡಿಸಿದರು’, ಸಚಿವೆ ‘ಗರಂ ಆದರು’. ಆಟಗಾರ ‘ವಿವರಿಸಿದರು’, ಆಟಗಾರ್ತಿ ‘ಗುಟ್ಟು ಬಿಚ್ಚಿಟ್ಟರು’. ಬಾಯಿಬಿಡುವುದು ತಪ್ಪು ಮಾಡಿದವರು, ಗುಟ್ಟು ಇರುವುದು ಮುಚ್ಚಿಟ್ಟವರ ಬಳಿ. ಆಕೆ ಸುದ್ದಿಗೋಷ್ಠಿ ಕರೆದು ಎಲ್ಲರೆದುರು ಆಡಿದ ಮಾತು ಗುಟ್ಟು ಹೇಗಾದೀತು? ‘ಹೇಳಿದರು’ ಸಾಕು. ನನ್ನ ಬಳಿ ಕೆಲಸ ಕಲಿತವರಿಗೆ ಮೊದಲ ತಿಂಗಳು ಈ ಒಂದೇ ಕ್ರಿಯಾಪದ ಬಳಸಲು ಹೇಳುತ್ತೇನೆ.

ಬಹುವಚನದ ಮೇಲೂ ಕಣ್ಣಿಡಿ. ನಿನ್ನೆಯವರೆಗೆ ‘ಅವರು’ ಆಗಿದ್ದ ಗಾಯಕಿ, ಮೇಲೊಂದು ದೂರು ದಾಖಲಾದ ದಿನ ‘ಅವಳು’ ಆಗಿಬಿಡುತ್ತಾರೆ. ಅದೇ ಪುಟದಲ್ಲಿ ಅಂಥದೇ ದೂರು ಎದುರಿಸುವ ಗಂಡಸು ಕಡೆಯ ಸಾಲಿನವರೆಗೂ ‘ಅವರು’. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಬೆರಳು ತಾನಾಗಿ ಟೈಪ್ ಮಾಡುತ್ತದೆ. ಅದಕ್ಕೇ ಪುಟ ಮುಗಿದ ಮೇಲೆ ಸರ್ವನಾಮಗಳನ್ನಷ್ಟೇ ನೋಡುತ್ತ ಇನ್ನೊಂದು ಸಲ ಓದಿ.

ಮಾಡಿದ್ದು ಯಾರು, ಹೆಸರು ಯಾರದು

2004ರ ಫೆಬ್ರುವರಿ 1ರಂದು ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ನಡೆದ ಹಾಡಿನ ಕಾರ್ಯಕ್ರಮದಲ್ಲಿ ಗಾಯಕಿ ಜಾನೆಟ್ ಜಾಕ್ಸನ್ ಅವರ ಉಡುಪಿನ ಒಂದು ಭಾಗ ಕಿತ್ತುಬಂತು. ಕಿತ್ತ ಕೈ ಜೊತೆಗೆ ಹಾಡುತ್ತಿದ್ದ ಜಸ್ಟಿನ್ ಟಿಂಬರ್‌ಲೇಕ್ ಅವರದು. ವಾರದ ನಂತರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಅವರು ಹಾಡಿದರು, ಎರಡು ಪ್ರಶಸ್ತಿಯನ್ನೂ ಪಡೆದರು. ಜಾನೆಟ್ ಅಲ್ಲಿರಲಿಲ್ಲ. ಹೆಣ್ಣನ್ನು ಕೀಳಾಗಿ ಕಾಣುವ ವ್ಯವಸ್ಥೆಯಿಂದ ತನಗೆ ಲಾಭವಾಗಿದೆ ಎಂದು ಒಪ್ಪಿ, ಆಕೆಯ ಹೆಸರು ಹೇಳಿ ಅವರು ಕ್ಷಮೆ ಕೇಳಿದ್ದು 2021ರಲ್ಲಿ. ನಡುವಿನ 17 ವರ್ಷ ಆ ಪ್ರಸಂಗ ಆಕೆಯ ಹೆಸರಿಗೇ ಅಂಟಿಕೊಂಡಿತ್ತು.

ಮೋನಿಕಾ ಲೆವಿನ್‌ಸ್ಕಿ ವಿಷಯದಲ್ಲೂ ಹೀಗೆಯೇ ಆಯಿತು. ಸಂಬಂಧ ಶುರುವಾದಾಗ ಆಕೆ ಶ್ವೇತಭವನದಲ್ಲಿ 22ರ ಇಂಟರ್ನ್, ಬಿಲ್ ಕ್ಲಿಂಟನ್ 49ರ ಅಮೆರಿಕದ ಅಧ್ಯಕ್ಷ. 1998ರಲ್ಲಿ ಸುದ್ದಿ ಹೊರಬಿದ್ದಾಗ ಜಗತ್ತು ಅದನ್ನು ಆಕೆಯ ಹೆಸರಿನಿಂದಲೇ ಕರೆಯಿತು. ಹಗರಣಕ್ಕೆ ಹೆಸರಿಡುವುದು ಡೆಸ್ಕಿನ ಕೆಲಸ. ಒಮ್ಮೆ ಇಟ್ಟ ಹೆಸರು ಪುಟದ ಮೇಲಿನ ಪಟ್ಟಿಯಲ್ಲಿ, ಟಿವಿಯ ಕೆಳಸಾಲಿನಲ್ಲಿ, ಹುಡುಕಾಟದ ಪೆಟ್ಟಿಗೆಯಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಹಾಗಾಗಿ ಇಡುವ ಮುನ್ನ ಕೇಳಿಕೊಳ್ಳಿ: ಅಧಿಕಾರ ಯಾರ ಕೈಲಿತ್ತು?

ಹೆಸರು ಬದಲಿಸಿ ಓದಿ

ಇದು ಸುಲಭದ ಪರೀಕ್ಷೆ. ಪ್ರಶ್ನೆಯಲ್ಲಿ ಹೆಣ್ಣಿನ ಹೆಸರಿದ್ದ ಕಡೆ ಗಂಡಿನ ಹೆಸರಿಟ್ಟು ಜೋರಾಗಿ ಓದಿ. 2016ರಲ್ಲಿ ಸಾನಿಯಾ ಮಿರ್ಜಾ ಟೆನಿಸ್ ಡಬಲ್ಸ್‌ನಲ್ಲಿ ವಿಶ್ವದ ಅಗ್ರ ಆಟಗಾರ್ತಿ. ಟಿವಿ ಸಂದರ್ಶಕರು ‘ಸೆಟಲ್’ ಆಗುವುದು ಯಾವಾಗ, ತಾಯ್ತನ ಯಾವಾಗ ಎಂದು ಕೇಳಿದರು. ನಂಬರ್ ಒನ್ ಆಗಿರುವುದಕ್ಕಿಂತ ತಾಯಿಯಾಗುವುದನ್ನು ಆರಿಸಿಕೊಳ್ಳಲಿಲ್ಲ ಎಂದು ನಿಮಗೆ ಬೇಸರವಾದಂತಿದೆ ಎಂದು ಸಾನಿಯಾ ತಿರುಗಿ ಹೇಳಿದಾಗ ಅವರು ಅಲ್ಲೇ ಕ್ಷಮೆ ಕೇಳಿದರು, ಗಂಡು ಆಟಗಾರನಿಗೆ ಈ ಪ್ರಶ್ನೆ ಹಾಕುತ್ತಿರಲಿಲ್ಲ ಎಂದು ಒಪ್ಪಿದರು. ಮರುವರ್ಷ ವಿಶ್ವಕಪ್ ಹೊಸ್ತಿಲಲ್ಲಿ ಮಿಥಾಲಿ ರಾಜ್ ಅವರಿಗೆ ನಿಮ್ಮಿಷ್ಟದ ಪುರುಷ ಕ್ರಿಕೆಟಿಗ ಯಾರು ಎಂಬ ಪ್ರಶ್ನೆ ಬಂತು. ಗಂಡು ಆಟಗಾರರಿಗೆ ಇಷ್ಟದ ಆಟಗಾರ್ತಿ ಯಾರೆಂದು ಕೇಳುತ್ತೀರಾ ಎಂದರು ಮಿಥಾಲಿ. 2022ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಜಸಿಂಡಾ ಆರ್ಡರ್ನ್ ಮತ್ತು ಫಿನ್ಲೆಂಡ್ ಪ್ರಧಾನಿ ಸನ್ನಾ ಮರಿನ್ ಭೇಟಿಯಾದಾಗ, ನಿಮ್ಮಿಬ್ಬರಿಗೂ ಹತ್ತಿರ ಹತ್ತಿರ ಒಂದೇ ವಯಸ್ಸು ಎಂದು ಭೇಟಿಯಾಗಿದ್ದೀರಾ ಎಂದು ಕೇಳಿದ ವರದಿಗಾರರಿದ್ದರು.

ಒಂದು ಎಚ್ಚರಿಕೆ. ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ. ಬಸಿರು, ಬಾಣಂತನ, ಕೆಲಸದ ಜಾಗದ ಕಿರುಕುಳದ ಬಗ್ಗೆ ಆಕೆಯೇ ಮಾತೆತ್ತಿದ್ದರೆ ಗಂಡಸಿಗೆ ಹೊಂದುವುದಿಲ್ಲ ಎಂದು ಅದನ್ನು ಕತ್ತರಿಸಬೇಡಿ. ಮಾತು ಯಾರು ತೆಗೆದರು ಎಂಬುದನ್ನು ನೋಡಿ.

ಮೊದಲ ವಾಕ್ಯ

2013ರಲ್ಲಿ ತೀರಿಕೊಂಡ ಇವೊನ್ ಬ್ರಿಲ್ ಎಂಬ ರಾಕೆಟ್ ವಿಜ್ಞಾನಿ, ಉಪಗ್ರಹಗಳು ಕಕ್ಷೆಯಿಂದ ಜಾರದಂತೆ ಹಿಡಿದಿಡುವ ಎಂಜಿನ್ ಕಂಡುಹಿಡಿದವರು. ನ್ಯೂಯಾರ್ಕ್ ಟೈಮ್ಸ್ ಅವರ ನಿಧನ ಲೇಖನವನ್ನು ಶುರು ಮಾಡಿದ್ದು ಅವರ ಕೈಯಡುಗೆಯಿಂದ. ಗಂಡನ ಕೆಲಸ ಹೋದಲ್ಲೆಲ್ಲ ಹೋದರು, ಮಕ್ಕಳಿಗಾಗಿ 8 ವರ್ಷ ಕೆಲಸ ಬಿಟ್ಟರು ಎಂಬುದೂ ಅಲ್ಲಿತ್ತು, ರಾಕೆಟ್ ಬಂದದ್ದು ಆಮೇಲೆ. ಓದುಗರು ತರಾಟೆಗೆ ತೆಗೆದುಕೊಂಡ ಮೇಲೆ ಅಡುಗೆ ಹೋಗಿ ಮೊದಲ ಸಾಲಿಗೆ ವಿಜ್ಞಾನಿ ಬಂದರು. ಓದುಗರ ಒಂದು ದಿನದ ಸಿಟ್ಟಿಗೆ ಅಷ್ಟು ಶಕ್ತಿ ಇದೆ ಎಂಬುದು ನನಗೆ ಈಗಲೂ ಧೈರ್ಯ ಕೊಡುವ ಸಂಗತಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಶೂಟರ್ ಕೋರಿ ಕಾಗ್ಡೆಲ್ ಕಂಚು ಗೆದ್ದಾಗ ಅಮೆರಿಕದ ಪತ್ರಿಕೆಯೊಂದರ ಟ್ವೀಟಿನಲ್ಲಿ ಅವರ ಹೆಸರೇ ಇರಲಿಲ್ಲ, ಫುಟ್‌ಬಾಲ್ ಆಟಗಾರನ ಹೆಂಡತಿ ಎಂದಿತ್ತು. ಅದು ಅವರ ಎರಡನೇ ಒಲಿಂಪಿಕ್ ಪದಕ.

ಮೊದಲ ವಾಕ್ಯದಲ್ಲಿ ಆಕೆಯ ಹೆಸರು ಮತ್ತು ಆಕೆ ಮಾಡಿದ ಕೆಲಸ ಎರಡೂ ಇರಲಿ. ಗಂಡ, ಮಕ್ಕಳು, ಸೀರೆಯ ಬಣ್ಣ ಸುದ್ದಿಗೆ ಬೇಕೇ ಬೇಕಿದ್ದರೆ ಕೆಳಗೆ ಜಾಗವಿದೆ.

ಫೋಟೋ

ದೀಪಿಕಾ ಪಡುಕೋಣೆ ಅವರ ಎದೆಯನ್ನು ಮೇಲಿನಿಂದ ತೋರಿಸುವ ವಿಡಿಯೊವನ್ನು 2014ರಲ್ಲಿ ದೊಡ್ಡ ಪತ್ರಿಕೆಯೊಂದು ಟ್ವೀಟ್ ಮಾಡಿತು. ಆಕೆ ಸುಮ್ಮನಿರದೆ, ಹೌದು, ನಾನು ಹೆಣ್ಣು, ನಿಮಗೇನು ತೊಂದರೆ ಎಂದು ಬಹಿರಂಗವಾಗಿಯೇ ಕೇಳಿದರು. 2017ರ ಮಾರ್ಚಿನಲ್ಲಿ ಬ್ರಿಟನ್ ಪ್ರಧಾನಿ ತೆರೇಸಾ ಮೇ ಮತ್ತು ಸ್ಕಾಟ್‌ಲೆಂಡಿನ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಮಾತುಕತೆಗೆ ಕೂತಾಗ ಡೈಲಿ ಮೇಲ್‌ನ ಮುಖಪುಟ ಹೋಲಿಸಿ ನೋಡಿದ್ದು ಅವರಿಬ್ಬರ ಕಾಲುಗಳನ್ನು. ಸ್ಕಾಟ್‌ಲೆಂಡ್ ಬೇರೆಯಾಗಿ ದೇಶ ಒಡೆಯುತ್ತದೋ ಉಳಿಯುತ್ತದೋ ಎಂಬ ಹೊತ್ತಿನ ಮಾತುಕತೆ ಅದು.

ಫೋಟೋ ಆರಿಸುವಾಗ ನಾನು ಮೂರು ವಿಷಯ ನೋಡುತ್ತೇನೆ. ತೆಗೆದ ದಿನಾಂಕ ಯಾವುದು? ಕ್ಯಾಮೆರಾ ಯಾವ ಎತ್ತರದಲ್ಲಿತ್ತು? ಕತ್ತರಿಸಿದ ಅಂಚಿನಾಚೆ ಏನಿತ್ತು? ಮೂರನೆಯದು ಬಹಳ ಮುಖ್ಯ. ಕಣ್ಣು ಮುಚ್ಚಿದ, ಬಾಯಿ ತೆರೆದ ಮುಖವನ್ನಷ್ಟೇ ಕತ್ತರಿಸಿದರೆ ಕುಡಿದಂತೆ ಕಾಣುತ್ತಾರೆ, ಇಡೀ ಚಿತ್ರ ನೋಡಿದರೆ ಹಾಡುತ್ತಿರುತ್ತಾರೆ. ಕೆಳಗೆ ದಿನಾಂಕವಿಲ್ಲದ ಹಳೆಯ ಫೋಟೋ ಹೊಸ ಸುದ್ದಿಯ ಪಕ್ಕ ಕೂತರೆ, ಅದು ಇವತ್ತಿನದೆಂದೇ ಓದುಗರು ನಂಬುತ್ತಾರೆ.

ಮುಖ ನೋಡಿ ತೀರ್ಪು ಕೊಡಬೇಡಿ

ಇದೊಂದನ್ನು ನಾನು ನಿಧಾನವಾಗಿ, ಎರಡೆರಡು ಸಲ ಹೇಳುತ್ತೇನೆ. 1980ರ ಆಗಸ್ಟಿನಲ್ಲಿ ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿ ಡೇರೆ ಹಾಕಿದ್ದ ಲಿಂಡಿ ಚೇಂಬರ್ಲೇನ್ ಅವರ ಒಂಬತ್ತು ವಾರದ ಹೆಣ್ಣುಮಗು ಕಾಣೆಯಾಯಿತು. ಡಿಂಗೊ, ಅಲ್ಲಿಯ ಕಾಡುನಾಯಿ, ಮಗುವನ್ನು ಕಚ್ಚಿಕೊಂಡು ಹೋಯಿತು ಎಂದು ತಾಯಿ ಮೊದಲ ರಾತ್ರಿಯಿಂದಲೂ ಹೇಳಿದರು. ಟಿವಿಯಲ್ಲಿ ಆಕೆ ಜನ ಬಯಸಿದಂತೆ ಅಳಲಿಲ್ಲ. ವಿವರಗಳನ್ನು ಸಮಾಧಾನದಿಂದ ಹೇಳಿದರು. ಮಗು ಸತ್ತರೆ ತಾಯಿ ಹೀಗಿರುತ್ತಾಳೆಯೇ ಎಂದು ಜನ ಆಡಿಕೊಂಡರು. ಆಕೆಯ ಉಡುಪು, ಆಕೆಯ ಧರ್ಮ, ಮಗುವಿಗಿಟ್ಟ ಹೆಸರು, ಯಾವುದನ್ನೂ ಬಿಡಲಿಲ್ಲ. 1982ರಲ್ಲಿ ಕೊಲೆ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಯಿತು. ಜೈಲಿಗೆ ಹೋಗುವಾಗ ಆಕೆ ತುಂಬು ಗರ್ಭಿಣಿ. 1986ರಲ್ಲಿ ಮಗುವಿನ ಅಂಗಿ ಡಿಂಗೊಗಳ ಬಿಲಗಳಿದ್ದ ಕಡೆ ಸಿಕ್ಕಿತು, ಆಕೆ ಬಿಡುಗಡೆಯಾದರು. 1988ರಲ್ಲಿ ಶಿಕ್ಷೆ ರದ್ದಾಯಿತು. ಸಾವಿಗೆ ಡಿಂಗೊ ಕಾರಣ ಎಂದು ಅಧಿಕೃತವಾಗಿ ದಾಖಲಾದದ್ದು 2012ರಲ್ಲಿ, 32 ವರ್ಷಗಳ ನಂತರ.

ಅತ್ತರೆ ನಾಟಕ, ಅಳದಿದ್ದರೆ ಕಲ್ಲೆದೆ, ನಕ್ಕರೆ ನಾಚಿಕೆಗೆಟ್ಟವಳು. ಹೆಣ್ಣಿನ ಮುಖಕ್ಕೆ ಸರಿಯುತ್ತರವೇ ಇಲ್ಲದ ಪರೀಕ್ಷೆ ಇದು. ನನ್ನ ತಲೆಬರಹ ಮಾಡಿದ್ದೂ ಇದನ್ನೇ. ಹಾಗಾಗಿ ನಮ್ಮಲ್ಲಿ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇವೆ. ದುಃಖದ, ಆರೋಪದ, ವಿಚ್ಛೇದನದ ಸುದ್ದಿಯಲ್ಲಿ ಆಕೆಯ ಮುಖಭಾವವನ್ನು ವರ್ಣಿಸುವಂತಿಲ್ಲ. ಆಕೆ ಆಡಿದ ಮಾತನ್ನು ಬರೆಯಬಹುದು, ಕಣ್ಣಂಚನ್ನು ಬರೆಯುವಂತಿಲ್ಲ.

ನೆಟ್ಟಿಗರು ಮತ್ತು ನೀವು

‘ನಟಿಯ ವಿರುದ್ಧ ನೆಟ್ಟಿಗರ ಆಕ್ರೋಶ’ ಎಂಬ ಸುದ್ದಿ ನನ್ನ ಮುಂದೆ ಬಂದರೆ, ಬರೆದವರನ್ನು ಪಕ್ಕ ಕೂರಿಸಿಕೊಂಡು ಎಣಿಸುತ್ತೇನೆ. ಕಳೆದ ಸಲ ಎಣಿಸಿದಾಗ ಸಿಕ್ಕಿದ್ದು ಆರು ಕಾಮೆಂಟು. ನಾಲ್ಕಕ್ಕೆ ಮುಖಚಿತ್ರವೇ ಇರಲಿಲ್ಲ. ಆರು ಜನರ ಬೈಗುಳವನ್ನು ಲಕ್ಷ ಜನರಿಗೆ ಮುಟ್ಟಿಸಲು ಹೊರಟಿದ್ದವರು ನಾವು. ಆ ಸುದ್ದಿ ಹೋಗಲಿಲ್ಲ.

2023ರ ನವೆಂಬರಿನಲ್ಲಿ ಬೇರೊಬ್ಬ ಹೆಣ್ಣುಮಗಳ ವಿಡಿಯೊಗೆ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ ಡೀಪ್‌ಫೇಕ್ ಹರಿದಾಡಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಒಬ್ಬನನ್ನು ಬಂಧಿಸಿದರು. ಅಷ್ಟರಲ್ಲಿ ‘ಇದು ನಕಲಿ, ನೋಡಿ’ ಎಂದು ಹೇಳುತ್ತಲೇ ಅದನ್ನು ಹಂಚಿದವರು ಎಷ್ಟೋ ಮಂದಿ. ನಕಲಿ ಎಂದು ತಿಳಿಸಲು ನಕಲಿಯನ್ನು ತೋರಿಸಬೇಕಿಲ್ಲ, ಬಾಯಲ್ಲಿ ಹೇಳಿದರೆ ಸಾಕು. ನಿಮ್ಮ ಗುಂಪಿಗೆ ಬಂದರೆ ಆ ಜಾಲತಾಣಕ್ಕೆ ದೂರು ಕೊಡಿ, ಕಳಿಸಿದವರಿಗೆ ಗುಂಪಿನಲ್ಲಲ್ಲ, ನೇರವಾಗಿ ಹೇಳಿ. ಗುಂಪಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಜಗಳಕ್ಕೆ ಮತ್ತಷ್ಟು ಜನ ಬಂದು ಅದನ್ನೇ ನೋಡುತ್ತಾರೆ.

ಟೀಕೆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಸಚಿವೆಯ ಇಲಾಖೆಯಲ್ಲಿ ಹಣ ಸೋರಿದ್ದರೆ ಖಾರವಾಗಿಯೇ ಬರೆಯಿರಿ, ಸಿನಿಮಾ ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಎನ್ನಿ. 2007ರಲ್ಲಿ ಆಸ್ಟ್ರೇಲಿಯಾದ ಸಂಸದನೊಬ್ಬ ಜೂಲಿಯಾ ಗಿಲಾರ್ಡ್ ಅವರಿಗೆ ಮಕ್ಕಳಿಲ್ಲ, ಆದ್ದರಿಂದ ನಾಯಕಿಯಾಗಲು ಯೋಗ್ಯರಲ್ಲ ಎಂದ. ಅದು ಟೀಕೆಯಲ್ಲ, ಅದರಲ್ಲಿ ಆಕೆಯ ಒಂದು ನಿರ್ಧಾರವೂ ಇಲ್ಲ. ಮೂರು ವರ್ಷಕ್ಕೆ ಆಕೆ ಪ್ರಧಾನಿಯಾದರು.

ತಪ್ಪಾದ ಮೇಲೆ

ತಪ್ಪು ಎಷ್ಟು ದೊಡ್ಡದಾಗಿ ಹೋಯಿತೋ ತಿದ್ದುಪಡಿಯೂ ಅಷ್ಟೇ ದೊಡ್ಡದಾಗಿ ಹೋಗಲಿ, ಅದೇ ಪುಟದಲ್ಲಿ, ಸಾಧ್ಯವಾದರೆ ಅದೇ ಜಾಗದಲ್ಲಿ. ‘ಯಾರ ಮನಸ್ಸಿಗಾದರೂ ನೋವಾಗಿದ್ದರೆ’ ಎಂದು ಬರೆಯಬೇಡಿ. ಏನು ತಪ್ಪಾಯಿತು ಎಂದು ಬರೆಯಿರಿ. ಅಂತರ್ಜಾಲದಲ್ಲಿ ಹಳೆಯ ಸುದ್ದಿಯನ್ನು ಹುಡುಕಿ ಅಲ್ಲಿಯೂ ತಿದ್ದಿ.

ಆ ತಾಯಿಯ ಫೋನ್ ಬಂದ ಸಂಜೆ ನಾನು ತಿದ್ದುಪಡಿ ಬರೆದುಕೊಟ್ಟೆ. ಅದು ಅಚ್ಚಾಗಲಿಲ್ಲ. ಸಣ್ಣ ವಿಷಯ ಎಂದರು ಮೇಲಿನವರು. ಫೋಟೋ ಸಂಗ್ರಹಕ್ಕೆ ಹೋಗಿ ಆ ಚಿತ್ರದ ವಿವರ ತೆರೆದೆ. ಅಲ್ಲಿ ನಟಿಯ ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಈಗ ಅಲ್ಲಿ ಹೀಗಿದೆ: ‘ಪ್ರಶಸ್ತಿ ಸ್ವೀಕರಿಸಿ ವೇದಿಕೆ ಇಳಿಯುವಾಗ, ತಾಯಿಯನ್ನು ನೋಡಿ ನಕ್ಕದ್ದು. ಬೇರೆ ಸುದ್ದಿಗೆ ಬಳಸಬಾರದು.’