ಚಿಯಾಂಗ್ ಮಾಯ್‌ನ ಭಾನುವಾರದ ಸಂತೆ: ಸುತ್ತುವುದು ಹೇಗೆ?

ಥಾಯ್ಲೆಂಡಿನ ರಾತ್ರಿ ಸಂತೆಗೆ ಹೊರಡುವ ಮುಂಚೆ ವಾರ ನೋಡಿಕೊಳ್ಳಿ. ಉತ್ತರದ ಚಿಯಾಂಗ್ ಮಾಯ್‌ನಲ್ಲಿ ಚಾಂಗ್ ಕ್ಲಾನ್ ರಸ್ತೆಯ ನೈಟ್ ಬಜಾರ್ ದಿನವೂ ಇರುತ್ತದೆ. ಬೆಳ್ಳಿ ಕೆಲಸಕ್ಕೆ ಹೆಸರಾದ ವುವಾ ಲಾಯ್ ರಸ್ತೆಯ ಸಂತೆ ಶನಿವಾರ. ಹಳೇ ಊರಿನ ರಾಚದಮ್ನೋನ್ ರಸ್ತೆಯದು ಭಾನುವಾರ. ಒಂದೇ ಸಂಜೆ ಬಿಡುವಿದ್ದರೆ ಭಾನುವಾರದ್ದಕ್ಕೇ ಹೋಗಿ.

ಸಂಜೆ 5ರ ಹೊತ್ತಿಗೆ ಹಳೇ ಊರಿನ ಪೂರ್ವ ದಿಕ್ಕಿನ ಥಾ ಪೇ ಹೆಬ್ಬಾಗಿಲಿಗೆ ಬನ್ನಿ. ಅಲ್ಲಿಂದ ಪಶ್ಚಿಮಕ್ಕೆ ನಡೆಯಬೇಕು. ವಾಹನಗಳಿಗೆ ಪ್ರವೇಶವಿಲ್ಲ. ಕತ್ತಲಾದ ಮೇಲೆ ಕಾಲಿಡಲೂ ಜಾಗ ಸಿಗದಷ್ಟು ಜನ ಸೇರುತ್ತಾರೆ. 6 ಗಂಟೆಗೆ ರಾಷ್ಟ್ರಗೀತೆ ಮೊಳಗುತ್ತದೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ.

ಜೇಬಿನಲ್ಲಿ 20, 50, 100 ಬಾತ್‌ನ ನೋಟುಗಳಿರಲಿ. 1000ದ ನೋಟು ಕೊಟ್ಟರೆ ಸಣ್ಣ ಅಂಗಡಿಯವರಿಗೆ ಚಿಲ್ಲರೆಯದೇ ಕಷ್ಟ.

ಮೊದಲ ಸುತ್ತಿನಲ್ಲಿ ಸುಮ್ನೆ ನೋಡಿ. ಮರದ ಕೆತ್ತನೆ, ಸಾ ಕಾಗದದ (ಮಲ್ಬೆರಿ ಜಾತಿಯ ಮರದ ತೊಗಟೆಯಿಂದ ಮಾಡಿದ ಕಾಗದ) ದೀಪ, ಗುಡ್ಡಗಾಡು ಜನರ ಕಸೂತಿ ಬಟ್ಟೆ ಎಲ್ಲಾ ಇಲ್ಲಿವೆ. ಕೆಲವರು ಅಲ್ಲೇ ಕೂತು ಕೆಲಸ ಮಾಡುತ್ತಿರುತ್ತಾರೆ. ಕೊಳ್ಳುವುದಾದರೆ ಅಂಥವರ ಹತ್ತಿರವೇ ಕೊಳ್ಳಿ, ಆ ಹಣ ನೇರವಾಗಿ ಕೈಕೆಲಸದವರಿಗೆ ಸೇರುತ್ತದೆ. ಬೆಲೆ ಕೇಳಲು ‘ತಾವ್ ರೈ’ ಅಂದರೆ ಸಾಕು, ಕ್ಯಾಲ್ಕುಲೇಟರ್ ಒತ್ತಿ ತೋರಿಸುತ್ತಾರೆ. ಎರಡು-ಮೂರು ವಸ್ತು ಒಟ್ಟಿಗೆ ತೆಗೆದುಕೊಂಡು ನಗುತ್ತಾ ಚೌಕಾಶಿ ಮಾಡಿ. ದಿನಗಟ್ಟಲೆ ಹೊಲಿದ ಕಸೂತಿಗೆ ಮಾತ್ರ ಜಾಸ್ತಿ ಜಗ್ಗಾಡಬೇಡಿ. ಊಟ ತಿಂಡಿಗೆ ಚೌಕಾಶಿ ಇಲ್ಲ.

ಊಟಕ್ಕೆ ರಸ್ತೆ ಪಕ್ಕದ ದೇವಾಲಯಗಳ ಅಂಗಳಕ್ಕೆ ಹೋಗಿ. ವಾಟ್ ಪಾನ್ ಓನ್ ಅಂಗಳದಲ್ಲಿ ಸಾಲು ಸಾಲು ತಿಂಡಿ ಅಂಗಡಿಗಳಿರುತ್ತವೆ. ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ಬರೀ ತರಕಾರಿ ಕಂಡರೂ ಅದರಲ್ಲಿ ಮೀನಿನ ಸಾಸ್ ಇರಬಹುದು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ‘ಜೇ’ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಬಳಸುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿ ಕೂಡ ಇಲ್ಲ. ಜೇ ಅಂಗಡಿ ಸಿಗದಿದ್ದರೆ ತೆಂಗಿನಹಾಲು ಸುರಿದ ಮಾವಿನಹಣ್ಣು-ಅಂಟು ಅನ್ನ ಇದ್ದೇ ಇದೆ. ಅದನ್ನಂತೂ ಬಿಡಬೇಡಿ!

ವಾಪಸಾಗಲು ಕೆಂಪು ‘ಸೊಂಗ್‌ಥ್ಯಾವ್’ ಪಿಕಪ್ ಹಿಡಿಯಿರಿ. ಹೋಟೆಲಿನ ಹೆಸರು ಥಾಯ್ ಅಕ್ಷರದಲ್ಲಿರುವ ಕಾರ್ಡ್ ತೋರಿಸಿ, ಬಾಡಿಗೆ ಮಾತಾಡಿಕೊಂಡೇ ಹತ್ತಿ.