ಡ್ರಾಕುಲಾ ಓದಿದ ಮೇಲೆ ಅಭಿಪ್ರಾಯ ಬರೆಯುವ ಬಗೆ

ಭೀತಿ ಕಾದಂಬರಿಯನ್ನು ಓದಿದವರ ಅಭಿಪ್ರಾಯ ಬಹುಪಾಲು "ಬಹಳ ಹೆದರಿಕೆಯಾಯಿತು" ಅಥವಾ "ಅಂಥದ್ದೇನೂ ಇಲ್ಲ" ಎಂಬಲ್ಲಿಗೇ ನಿಂತುಬಿಡುತ್ತದೆ. ಹೆದರಿಕೆ ಓದುವವರ ಸ್ವಭಾವಕ್ಕೂ ಹೊತ್ತಿಗೂ ಸೇರಿದ್ದು. ನಡುರಾತ್ರಿ ಒಬ್ಬರೇ ಕುಳಿತು ಓದಿದವರಿಗೂ, ಬಳ್ಳಾರಿಯ ಮೇ ತಿಂಗಳ ಬಿಸಿಲಿಗೆ ಬಾಗಿಲು ಮುಚ್ಚಿ ಫ್ಯಾನಿನ ಕೆಳಗೆ ಓದಿದವರಿಗೂ ಅದು ಒಂದೇ ಆಗಿರಲಾರದು. ಆದ್ದರಿಂದ ಲೇಖಕ ಆ ಭಯವನ್ನು ಎಲ್ಲಿ, ಯಾವ ಉಪಾಯದಿಂದ ಕಟ್ಟಿದ್ದಾನೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಡ್ರಾಕುಲಾವನ್ನು ಉದಾಹರಣೆಯಾಗಿಟ್ಟುಕೊಂಡು ಆ ಕ್ರಮವನ್ನು ವಿವರಿಸುತ್ತೇನೆ.

ಲೇಖನಿ ಹಿಡಿಯುವ ಮುನ್ನ ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂದು ನೋಡಿ. ಈ ಕಾದಂಬರಿಯ 27 ಅಧ್ಯಾಯಗಳು ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕಾ ವರದಿಗಳಿಂದಲೇ ಹೆಣೆಯಲ್ಪಟ್ಟಿದ್ದು, ರಕ್ತ ಹೀರುವ ಪಿಶಾಚಿಯಾದ ಡ್ರಾಕುಲಾನ ದಿನಚರಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಮೊದಲ ನಾಲ್ಕು ಅಧ್ಯಾಯಗಳಲ್ಲಿ, ಅಂದರೆ ಇಂಗ್ಲಿಷ್ ವಕೀಲ ಜೊನಾಥನ್ ಹಾರ್ಕರ್ ಅವನ ಕೋಟೆಯಲ್ಲಿ ಸಿಕ್ಕಿಬಿದ್ದಿರುವಾಗ, ಡ್ರಾಕುಲಾ ಎದುರಿಗೇ ಇರುತ್ತಾನೆ. ಆಮೇಲೆ ಅಪರೂಪಕ್ಕೆ ಕಾಣಿಸಿಕೊಂಡರೂ ಪುಟಪುಟದಲ್ಲೂ ಅವನ ಸುಳಿವಿರುತ್ತದೆ. ಎಲ್ಲ ಕಾಗದಗಳನ್ನೂ ಓದುತ್ತಿರುವುದು ಮೊದಮೊದಲು ನಾವೊಬ್ಬರೇ ಆದ ಕಾರಣ, ಪಾತ್ರಗಳಿಗಿಂತ ಮೊದಲೇ ನಮಗೆ ಅಪಾಯ ತಿಳಿದುಬಿಡುತ್ತದೆ. ಡ್ರಾಕುಲಾನಿಗೆ ಬಲಿಯಾಗುತ್ತಿರುವ ಯುವತಿ ಲೂಸಿಯ ಕೋಣೆಯಲ್ಲಿ, ಅವನನ್ನು ತಡೆಯಲೆಂದು ವೈದ್ಯ ವ್ಯಾನ್ ಹೆಲ್ಸಿಂಗ್ ಬೆಳ್ಳುಳ್ಳಿಯ ಹೂಗಳನ್ನಿಟ್ಟು, ಕಿಟಕಿ ಭದ್ರಪಡಿಸಿ ಹೋಗುತ್ತಾನೆ. ಮರುದಿನ ಲೂಸಿಯ ತಾಯಿ, ಆ ಘಾಟು ಮಗಳಿಗೆ ಆಗದೆಂದು ಹೂಗಳನ್ನು ತೆಗೆದುಹಾಕಿ ಕಿಟಕಿಯನ್ನು ಸ್ವಲ್ಪ ತೆರೆದಿಟ್ಟೆ ಎಂದು ಸಂತೋಷದಿಂದಲೇ ಹೇಳುತ್ತಾಳೆ. ಆ ಮಾತಿನಲ್ಲಿ ರಕ್ತವಿಲ್ಲ, ಹಲ್ಲಿಲ್ಲ. ತಾಯಿಯ ಅಕ್ಕರೆಯೇ ಮಗಳನ್ನು ಸಾವಿನ ಬಾಯಿಗೆ ದೂಡುತ್ತದೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಅತ್ಯಂತ ಭಯಾನಕ ಪುಟ ಅದೇ. ನಿಮಗೆ ಬೇರೊಂದು ಪುಟ ಹಾಗೆ ತೋರಬಹುದು. ಯಾವುದೇ ಆಗಲಿ, ಅಂಥ ಒಂದೆರಡು ಸನ್ನಿವೇಶಗಳನ್ನು ಆರಿಸಿಕೊಂಡು ಅಲ್ಲಿ ಯಾರಿಗೆ ಏನು ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ ಎಂದು ಬಿಡಿಸಿ ಬರೆದರೆ ಅಭಿಪ್ರಾಯದ ಮುಕ್ಕಾಲು ಪಾಲು ಸಿದ್ಧವಾದಂತೆಯೇ.

ಕಥಾಸಾರಕ್ಕೆ ಒಂದು ಪ್ಯಾರಾ ಸಾಕು, ಅಂತ್ಯವನ್ನು ಹೇಳಬೇಡಿ. ಓದಿದ್ದು ಸಂಕ್ಷಿಪ್ತ ಆವೃತ್ತಿಯಾಗಿದ್ದರೆ ಅದನ್ನು ತಪ್ಪದೆ ತಿಳಿಸಿ.

ಗಾಥಿಕ್ ಎಂಬ ಹಣೆಪಟ್ಟಿಯನ್ನು ಬಳಸುವವರು ಅದಕ್ಕೆ ಕಾರಣವನ್ನೂ ಕೊಡಬೇಕು. ಹೊರೇಸ್ ವಾಲ್ಪೋಲ್ 1764ರಲ್ಲಿ ಹೊರತಂದ ಒಟ್ರಾಂಟೊ ಕೋಟೆಯ ಕಥೆಯಿಂದ ಈ ಪ್ರಕಾರ ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಳೆಯ ಕಟ್ಟಡ, ಅದರೊಳಗೆ ಹಿರಿಯರ ಪಾಪ, ಅದರ ಫಲ ಉಣ್ಣುವ ಮುಂದಿನ ಪೀಳಿಗೆ ಇದರ ಮೂಲ ಸಾಮಗ್ರಿ. ಬಳ್ಳಾರಿಯ ನಮಗೆ ಇದೇನೂ ಅಪರಿಚಿತವಲ್ಲ. ಇಲ್ಲಿನ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿರುವುದನ್ನು ಗಮನಿಸಲಿಲ್ಲವೆಂಬ ಕಾರಣಕ್ಕೆ ಹೈದರಾಲಿ ಗಲ್ಲಿಗೇರಿಸಿದನೆಂಬ ಕಥೆಯನ್ನು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಅದರಲ್ಲಿ ಒಂದು ದೆವ್ವವೂ ಇಲ್ಲದಿದ್ದರೂ ಗಾಥಿಕ್ ಕಾದಂಬರಿಗೆ ಬೇಕಾದ ಕೋಟೆ, ಕ್ರೌರ್ಯ, ಸಾವು ಮೂರೂ ಇವೆ. ಮಂಜು, ತೋಳದ ಕೂಗು, ಮುರುಕು ಗೋಡೆಗಳಿಗೇ ಮಾರುಹೋಗಿ ಈ ತಿರುಳನ್ನು ಮರೆತ ಅಭಿಪ್ರಾಯಗಳೇ ಹೆಚ್ಚು.

ದೋಷಗಳನ್ನು ಬರೆಯಲು ಹಿಂಜರಿಯಬೇಡಿ, ಆದರೆ ಅವುಗಳನ್ನು ಕಾಲದಿಂದ ಬೇರ್ಪಡಿಸಿ ನೋಡಿ. ವ್ಯಾನ್ ಹೆಲ್ಸಿಂಗನ ಉದ್ದುದ್ದ ಭಾಷಣಗಳು ಅಂದಿಗೂ ಇಂದಿಗೂ ಭಾರವೇ. ಅದು ಬರವಣಿಗೆಯ ದೋಷ. ಪೂರ್ವ ಯುರೋಪಿನಿಂದ ಬಂದವನೊಬ್ಬ ಲಂಡನ್ನಿನ ಹೆಂಗಸರನ್ನು ಕೆಡಿಸುತ್ತಾನೆಂಬ ಆತಂಕವಾದರೋ ಆ ಸಮಾಜದ್ದು. ಜೊನಾಥನ್‌ನ ಹೆಂಡತಿ ಮೀನಾಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಚದುರಿದ ಕಾಗದಗಳನ್ನು ಬೆರಳಚ್ಚು ಮಾಡಿ, ತೇದಿಯ ಕ್ರಮದಲ್ಲಿ ಜೋಡಿಸಿದವಳು ಅವಳು. ಅವಳಿಗೆ ಗಂಡಸಿನ ಮೆದುಳಿದೆಯೆಂದು ವ್ಯಾನ್ ಹೆಲ್ಸಿಂಗ್ ಹೊಗಳುತ್ತಾನೆ. ಅಷ್ಟಾದರೂ ಗಂಡಸರೆಲ್ಲ ಸೇರಿ, ಇನ್ನು ಮುಂದಿನದು ಹೆಂಗಸಿಗೆ ತಕ್ಕದ್ದಲ್ಲವೆಂದು ಅವಳನ್ನು ದೂರವಿಡುತ್ತಾರೆ, ಡ್ರಾಕುಲಾ ಅವಳ ಬಳಿಗೆ ಬರುವುದು ಆಗಲೇ. ಇಲ್ಲಿ ಸ್ಟೋಕರ್ ಗಂಡಸರ ಪರವಾಗಿದ್ದಾನೋ, ಅವರ ಮೂರ್ಖತನವನ್ನು ತೋರಿಸುತ್ತಿದ್ದಾನೋ ಎಂಬುದಕ್ಕೆ ನಿಮ್ಮ ಉತ್ತರವನ್ನು ಆಧಾರದೊಡನೆ ಬರೆಯಿರಿ. ಓದುವವರು ನಿಮ್ಮೊಡನೆ ವಾದಕ್ಕಿಳಿಯುವುದು ಇಂಥ ಕಡೆಯಲ್ಲಿಯೇ.

ಕೊನೆಯಲ್ಲಿ ಐದಕ್ಕೆ ಇಷ್ಟು ಎಂದು ಅಂಕ ಹಾಕುವುದಕ್ಕಿಂತ, ಪುಸ್ತಕ ಯಾರಿಗೆ ಒಗ್ಗುತ್ತದೆ ಎಂದು ಹೇಳುವುದು ಮೇಲು. ಬರೆಯುವುದು ನಾನಾದರೆ, ಕೋಟೆಯ ಅಧ್ಯಾಯಗಳಿಗೂ ಲೂಸಿಯ ಭಾಗಕ್ಕೂ ಇದನ್ನು ಕೊಂಡು ಓದಬೇಕೆಂದೂ, ಕಡೆಯ ಬೆನ್ನಟ್ಟುವಿಕೆಯಲ್ಲಿ ರೈಲಿನ ವೇಳೆ, ದೋಣಿಯ ದಾರಿಗಳ ಲೆಕ್ಕಾಚಾರವೇ ಹೆಚ್ಚಾದ್ದರಿಂದ ತಾಳ್ಮೆಯಿಲ್ಲದವರು ಅಲ್ಲಿ ಬೇಸರಪಡುವರೆಂದೂ ಬರೆಯುತ್ತೇನೆ.