440ರ ಗಂಟು ಬಿಡಿಸಿದ್ದು

ಜನನ ನೋಂದಣಿ, ಶಾಲೆಯ ದಾಖಲಾತಿ ಪುಸ್ತಕ, ಆಸ್ತಿ ಪತ್ರ ಎಂದು ಸಿಕ್ಕಿದ್ದನ್ನೆಲ್ಲ ಜೋಡಿಸಿ ನಮ್ಮ ವಂಶವೃಕ್ಷವನ್ನು ಮುತ್ತಜ್ಜನವರೆಗೆ ತಂದಿದ್ದೆ. ಆಮೇಲೆ ಡಿಎನ್‌ಎ ಪರೀಕ್ಷೆಗೆ ಕೈಹಾಕಿದೆ. ಕಳಿಸಿದ್ದು ನನ್ನ ಲಾಲಾರಸವಲ್ಲ, ಸೋದರತ್ತೆಯದು. ತಲೆಮಾರು ಇಳಿದಂತೆ ಹಿರಿಯರ ಪಾಲು ಅರ್ಧರ್ಧ ಕರಗುತ್ತದೆ. ಮುತ್ತಜ್ಜನದು ನನ್ನಲ್ಲಿ ಸುಮಾರು ಶೇ. 12.5 ಇದ್ದರೆ, ಆತ ಅಜ್ಜನಾಗುವ ಅತ್ತೆಯಲ್ಲಿ ಸುಮಾರು ಶೇ. 25. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರದ್ದೇ ಮಾಡಿಸಿ.

"ಬೇಡದ ಸುದ್ದಿ ಬಂದರೆ ಹೇಳಲಾ, ಬಿಡಲಾ?" ಎಂದು ಅತ್ತೆಯನ್ನು ಮೊದಲೇ ಕೇಳಿಟ್ಟುಕೊಂಡಿದ್ದೆ. "ಈ ವಯಸ್ಸಲ್ಲಿ ನನ್ನ ಹತ್ತಿರ ಏನು ಮುಚ್ಚುಮರೆ, ಹೇಳಪ್ಪ" ಅಂದರು.

ವರದಿಯಲ್ಲಿ ಪೂರ್ವಜರ ಪ್ರದೇಶ ತೋರಿಸುವ ಬಣ್ಣದ ನಕ್ಷೆ ಇರುತ್ತದೆ. ನೋಡಲು ಚೆಂದ, ಅಷ್ಟೇ. ಕಂಪನಿ ತನ್ನ ಹೋಲಿಕೆಯ ಮಾದರಿಗಳನ್ನು ಬದಲಿಸಿದರೆ ಅದೂ ಬದಲಾಗುತ್ತದೆ. ಕೆಲಸಕ್ಕೆ ಬರುವುದು ಮ್ಯಾಚ್‌ಗಳ ಪಟ್ಟಿ, ಅಂದರೆ ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ನಮ್ಮ ಡಿಎನ್‌ಎಯ ಕೆಲ ಭಾಗ ಹೊಂದುವವರ ಪಟ್ಟಿ.

ಅತ್ತೆಯ ಪಟ್ಟಿಯಲ್ಲಿ ನಮಗ್ಯಾರಿಗೂ ಗೊತ್ತಿಲ್ಲದ ಒಬ್ಬರು ಇದ್ದರು, 440 ಸೆಂಟಿಮಾರ್ಗನ್. ಇಬ್ಬರಲ್ಲಿ ಹೊಂದುವ ಡಿಎನ್‌ಎ ಎಷ್ಟು ಎಂಬುದರ ಅಳತೆ ಇದು. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ನಡುವೆ ಇದು ಸರಾಸರಿ 850ರ ಆಸುಪಾಸು ಇರುತ್ತದೆ. ಅದರರ್ಧ ಎಂದರೆ ಅಂಥ ಕಸಿನ್‌ನ ಮಗನಿರಬಹುದು, ಇಲ್ಲವೇ ಅಜ್ಜ ಒಬ್ಬರೇ ಆಗಿ ಅಜ್ಜಿ ಬೇರೆಯಾದ ಕಸಿನ್ ಇರಬಹುದು. ಇವೆರಡರಲ್ಲಿ ಯಾವುದು ಎಂಬುದನ್ನು ಬರೀ ಸಂಖ್ಯೆ ಹೇಳುವುದಿಲ್ಲ. ಒಳಸಂಬಂಧದ ಮದುವೆಗಳು ಹೆಚ್ಚಿರುವ ಕುಟುಂಬದಲ್ಲಂತೂ ಸಂಖ್ಯೆ ಉಬ್ಬಿಯೂ ಇರುತ್ತದೆ. ಆಗ ಒಟ್ಟು ಮೊತ್ತದ ಜೊತೆಗೆ ಇಬ್ಬರಲ್ಲೂ ಹೊಂದುವ ಡಿಎನ್‌ಎಯ ಅತಿ ಉದ್ದದ ತುಣುಕು ಎಷ್ಟಿದೆ ಎಂದೂ ನೋಡಬೇಕು.

ಮುತ್ತಜ್ಜಿಯ ತವರಿನವರು ಕೆಲವರು ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದು ಅನುಕೂಲವಾಯಿತು. ಅವರೆಲ್ಲ ಅತ್ತೆಗೆ ಮ್ಯಾಚ್ ಆಗುತ್ತಿದ್ದರು, ಈ ವ್ಯಕ್ತಿಗೆ ಒಬ್ಬರೂ ಆಗುತ್ತಿರಲಿಲ್ಲ. ಮುತ್ತಜ್ಜನ ತಂಗಿಯ ಕಡೆಯವರು ಮಾತ್ರ ಇಬ್ಬರಿಗೂ ಆಗುತ್ತಿದ್ದರು. ಅಂದರೆ ಮುತ್ತಜ್ಜನಿಗೆ ಇನ್ನೊಂದು ಸಂಸಾರವಿದ್ದಿರಬೇಕು.

ಇಷ್ಟು ತಿಳಿದ ಮೇಲೆ ಹಳೆಯ ಆಸ್ತಿ ಹಂಚಿಕೆಯ ಪತ್ರವನ್ನು ಮತ್ತೆ ತೆಗೆದೆ. ಪಾಲುದಾರರ ಹೆಸರುಗಳಲ್ಲಿ ಒಬ್ಬನನ್ನು ದೂರದ ನೆಂಟ ಎಂದೇ ಮನೆಯವರು ಹೇಳುತ್ತ ಬಂದಿದ್ದರು. ಆದರೆ ಅವನಿಗೆ ಬಂದ ಪಾಲು ಉಳಿದ ಗಂಡುಮಕ್ಕಳಷ್ಟೇ ಇತ್ತು. ದೂರದ ನೆಂಟನಿಗೆ ಯಾರು ಸಮಪಾಲು ಕೊಡುತ್ತಾರೆ! ಆ ಹೆಸರನ್ನು ಹಿಡಿದು ಮ್ಯಾಚ್ ಆದವರಿಗೆ ಬರೆದೆ. ಅದು ಅವರ ತಂದೆಯ ಹೆಸರು. ಶಾಲಾ ದಾಖಲೆಯಲ್ಲಿ ಆ ಹುಡುಗನ ವಯಸ್ಸು ಮುತ್ತಜ್ಜಿಯ ಮದುವೆಗಿಂತ ಹಿಂದಕ್ಕೆ ಹೋಗುತ್ತಿತ್ತು, ಹಾಗಾಗಿ ಆತ ಮೊದಲ ಹೆಂಡತಿಯ ಮಗ ಎಂದು ಬರೆದುಕೊಂಡಿದ್ದೇನೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ. ಮದುವೆಯ ದಾಖಲೆ ಇನ್ನೂ ಸಿಕ್ಕಿಲ್ಲ.

ಆ ಮೊದಲ ಹೆಂಡತಿಯ ಹೆಸರು ಯಾವ ಕಾಗದದಲ್ಲೂ ಇಲ್ಲ. ತಾಯಿಯ ಕಡೆಯ ಸಾಲನ್ನು ಹುಡುಕುವ ಮೈಟೊಕಾಂಡ್ರಿಯಾ (ಜೀವಕೋಶದೊಳಗಿನ ಒಂದು ಭಾಗ) ಡಿಎನ್‌ಎ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು: ಆ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬಂದರೂ ಮುಂದಕ್ಕೆ ಸಾಗಿಸುವವರು ಹೆಣ್ಣುಮಕ್ಕಳು ಮಾತ್ರ, ಮಗನಲ್ಲಿಗೆ ಅದು ನಿಂತುಹೋಗುತ್ತದೆ. ಆಕೆಗೆ ಮಗಳೇನಾದರೂ ಇದ್ದಳೇ ಎಂದು ಈಗ ಜನನ ನೋಂದಣಿಯ ಹಳೆಯ ಸಂಪುಟಗಳನ್ನು ತಿರುವಿಹಾಕುತ್ತಿದ್ದೇನೆ.